ಮೇಲೆ ಎಸೆದದ್ದು ಮರಳಿ ಬರುವಾಗ

ಮನೆಯಂಗಳದ ವಿಜ್ಞಾನ

ಕಳೆದ ವಾರ ನಮ್ಮ ಮನೆಯಲ್ಲಿ ಒಂದು ಅಂಕಕ್ಕಾಗಿ ದೊಡ್ಡ ಚರ್ಚೆಯೇ ನಡೆಯಿತು. ಒಂಬತ್ತನೇ ತರಗತಿಯಲ್ಲಿರುವ ಮಗಳು ವಿಜ್ಞಾನದ ಕಿರು ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಮನೆಗೆ ತಂದಿದ್ದಳು. ಪ್ರಶ್ನೆ ಸರಳವಾಗಿತ್ತು. ಒಂದು ಚೆಂಡನ್ನು ನೇರ ಮೇಲಕ್ಕೆ ಎಸೆಯಲಾಗಿದೆ. ಅತ್ಯಂತ ಎತ್ತರದ ಬಿಂದುವಿನಲ್ಲಿ ಅದರ ವೇಗವೆಷ್ಟು, ವೇಗೋತ್ಕರ್ಷವೆಷ್ಟು? ಮಗಳು ಎರಡಕ್ಕೂ ಸೊನ್ನೆ ಎಂದು ಬರೆದಿದ್ದಳು. ಟೀಚರ್ ಮೊದಲನೆಯದಕ್ಕೆ ಅಂಕ ಕೊಟ್ಟು ಎರಡನೆಯದಕ್ಕೆ ಕೆಂಪು ಗೆರೆ ಎಳೆದಿದ್ದರು.

"ಉಮ್ಮಾ, ನೀವೇ ಹೇಳಿ. ತುದಿ ಮುಟ್ಟಿದಾಗ ಚೆಂಡು ನಿಂತಿರುತ್ತದೆ ತಾನೆ? ನಿಂತ ವಸ್ತುವಿಗೆ ವೇಗವೇ ಇಲ್ಲ. ವೇಗವೇ ಇಲ್ಲದ ಮೇಲೆ ವೇಗೋತ್ಕರ್ಷ ಎಲ್ಲಿಂದ ಬಂತು?" ಎಂಬುದು ಅವಳ ವಾದ.

ಕೇಳುವಾಗ ಹೌದೆನಿಸುವ ಮಾತು. ನಾವೆಲ್ಲ ಶಾಲೆಯಲ್ಲಿ ಈ ಪಾಠವನ್ನು ಬಾಯಿಪಾಠ ಮಾಡಿ ದಾಟಿಕೊಂಡು ಬಂದವರು. ಅಷ್ಟರಲ್ಲಿ ಅಂಗಳದಲ್ಲಿ ಅವಳ ತಮ್ಮ ಟೆನಿಸ್ ಚೆಂಡನ್ನು ಮೇಲಕ್ಕೆಸೆದು ಹಿಡಿಯುತ್ತಾ ಆಡುತ್ತಿದ್ದ. ಉತ್ತರ ಆ ಚೆಂಡಿನಲ್ಲೇ ಇತ್ತು. ಸಹೋದರಿಯರೇ, ಈ ತಿಂಗಳು ಅದನ್ನೇ ನೋಡೋಣ. ಒಂದು ಅಂಕದಿಂದ ಆರಂಭವಾದ ಈ ಮಾತು ಕೊನೆಗೆ ಜೀವ ಮತ್ತು ಮರಣದ ವಿಷಯಕ್ಕೆ ಬಂದು ನಿಲ್ಲುತ್ತದೆ.

ಮನೆ ಖರ್ಚಿನ ಲೆಕ್ಕ

ಭೂಮಿಯು ಪ್ರತಿಯೊಂದು ವಸ್ತುವನ್ನೂ ತನ್ನ ಕಡೆಗೆ ಎಳೆಯುತ್ತದೆ. ಈ ಎಳೆತದಿಂದಾಗಿ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರ್‌ನಷ್ಟು ಬದಲಾಗುತ್ತದೆ. ಲೆಕ್ಕ ಸುಲಭವಾಗಲಿ ಎಂದು ನಾವು 10 ಎಂದೇ ಇಟ್ಟುಕೊಳ್ಳೋಣ. ವಸ್ತು ಮೇಲೆ ಹೋಗುತ್ತಿದ್ದರೆ ಪ್ರತಿ ಸೆಕೆಂಡಿಗೆ 10 ಕಡಿಮೆಯಾಗುತ್ತದೆ. ಕೆಳಗೆ ಬರುತ್ತಿದ್ದರೆ ಪ್ರತಿ ಸೆಕೆಂಡಿಗೆ 10 ಹೆಚ್ಚುತ್ತದೆ. ಇದೇ ವೇಗೋತ್ಕರ್ಷ.

ಇದನ್ನು ಹೆಂಗಸರಾದ ನಮಗೆ ಚೆನ್ನಾಗಿ ತಿಳಿದಿರುವ ಲೆಕ್ಕದಲ್ಲಿ ಹೇಳಬಹುದು. ನಿಮ್ಮ ಕೈಯಲ್ಲಿ 20 ರೂಪಾಯಿ ಇದೆ, ದಿನಕ್ಕೆ 10 ರೂಪಾಯಿ ಖರ್ಚು ಇದೆ ಎಂದಿಟ್ಟುಕೊಳ್ಳಿ. ಮೊದಲ ದಿನದ ಕೊನೆಗೆ 10 ರೂಪಾಯಿ ಉಳಿಯಿತು. ಎರಡನೇ ದಿನದ ಕೊನೆಗೆ ಕೈ ಬರಿದಾಯಿತು. ಕೈ ಬರಿದಾಯಿತೆಂದು ಮನೆಯ ಖರ್ಚು ನಿಂತಿತೇ? ಇಲ್ಲ. ಮೂರನೇ ದಿನದ ಕೊನೆಗೆ 10 ರೂಪಾಯಿ ಸಾಲ, ನಾಲ್ಕನೇ ದಿನದ ಕೊನೆಗೆ 20 ರೂಪಾಯಿ ಸಾಲ.

ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆಸೆದ ಚೆಂಡಿನ ಕಥೆಯೂ ಇದೇ. ಒಂದು ಸೆಕೆಂಡಿನ ಬಳಿಕ ಅದರ ವೇಗ 10, ಎತ್ತರ 15 ಮೀಟರ್. ಎರಡು ಸೆಕೆಂಡಿನ ಬಳಿಕ ವೇಗ ಸೊನ್ನೆ, ಎತ್ತರ 20 ಮೀಟರ್. ಅಂದರೆ ಒಂದು ಎತ್ತರದ ತೆಂಗಿನ ಮರದಷ್ಟು. ಮೂರನೇ ಸೆಕೆಂಡಿನ ಕೊನೆಗೆ ಅದು ಮತ್ತೆ 15 ಮೀಟರ್ ಎತ್ತರಕ್ಕೆ ಇಳಿದಿರುತ್ತದೆ. ವೇಗ 10, ಆದರೆ ಕೆಳಮುಖವಾಗಿ. ನಾಲ್ಕನೇ ಸೆಕೆಂಡಿಗೆ ಚೆಂಡು ಕೈಗೆ ಬರುತ್ತದೆ. ಆಗ ಅದರ ವೇಗ ಹೊರಟಾಗ ಇದ್ದಷ್ಟೇ, 20.

ಕೈಯಲ್ಲಿರುವ ಹಣ ಚೆಂಡಿನ ವೇಗವಾದರೆ ದಿನದ ಖರ್ಚು ವೇಗೋತ್ಕರ್ಷ. ಹಣ ಸೊನ್ನೆಯಾದ ಗಳಿಗೆಯಲ್ಲೂ ಖರ್ಚು ಸೊನ್ನೆಯಾಗುವುದಿಲ್ಲ. ತುದಿಯಲ್ಲಿ ಚೆಂಡಿನ ವೇಗ ಸೊನ್ನೆಯಾದಾಗಲೂ ಭೂಮಿ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಒಂದು ವೇಳೆ ಅಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿ ಹಾಗೆಯೇ ಉಳಿದಿದ್ದರೆ ಏನಾಗುತ್ತಿತ್ತು? ಚೆಂಡು ಕೆಳಗೆ ಬರುತ್ತಲೇ ಇರಲಿಲ್ಲ. ತೆಂಗಿನ ಗರಿಗಳ ಪಕ್ಕದಲ್ಲಿ ಹಾಗೆಯೇ ತೂಗಿಕೊಂಡಿರುತ್ತಿತ್ತು!

ಇಷ್ಟು ಹೇಳಿದ ಮೇಲೆ ಮಗಳು ಸುಮ್ಮನಾದಳು. ಆಮೇಲೆ, "ಹಾಗಾದರೆ ಅದು ತುದಿಯಲ್ಲಿ ನಿಲ್ಲುವುದೇ ಇಲ್ಲವೇ?" ಎಂದು ಕೇಳಿದಳು. ಅವಳಿಗೆ ತಿಳಿಯದ ಸಂಗತಿಯೇನೆಂದರೆ, ಇದೇ ಪ್ರಶ್ನೆಯನ್ನು ನಮ್ಮ ಹಿರಿಯ ವಿದ್ವಾಂಸರು ಸುಮಾರು ಒಂಬೈನೂರು ವರ್ಷಗಳ ಹಿಂದೆ ಕೇಳಿಕೊಂಡಿದ್ದರು.

ಬಗ್ದಾದಿನ ವಿದ್ವಾಂಸನ ಉತ್ತರ

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ಪ್ರಕಾರ, ಮೇಲೆ ಹೋಗುವುದು ಮತ್ತು ಕೆಳಗೆ ಬರುವುದು ಪರಸ್ಪರ ವಿರುದ್ಧ ಚಲನೆಗಳು. ಆದ್ದರಿಂದ ಅವೆರಡರ ನಡುವೆ ವಸ್ತು ಸ್ವಲ್ಪ ಹೊತ್ತು ವಿಶ್ರಾಂತಿ ಪಡೆಯಲೇಬೇಕು. ಎಸೆದ ಕಲ್ಲು ಕೈಬಿಟ್ಟ ಮೇಲೂ ಯಾಕೆ ಮುಂದೆ ಸಾಗುತ್ತದೆ ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ, ಸುತ್ತಲಿನ ಗಾಳಿ ಅದನ್ನು ತಳ್ಳುತ್ತದೆ ಎಂಬುದು.

1037ರಲ್ಲಿ ನಿಧನರಾದ ಇಬ್ನು ಸೀನಾ ವೈದ್ಯಶಾಸ್ತ್ರಕ್ಕಾಗಿ ನಮಗೆಲ್ಲ ಪರಿಚಿತರು. ಆದರೆ ತಮ್ಮ 'ಕಿತಾಬುಶ್ಶಿಫಾ' ಎಂಬ ಬೃಹತ್ ಗ್ರಂಥದಲ್ಲಿ ಅವರು ಚಲನೆಯ ಬಗ್ಗೆಯೂ ಆಳವಾಗಿ ಚರ್ಚಿಸಿದ್ದಾರೆ. ಗಾಳಿ ತಳ್ಳುತ್ತದೆ ಎಂಬ ವಾದವನ್ನು ಅವರು ಒಪ್ಪಲಿಲ್ಲ. ಎಸೆಯುವವನು ವಸ್ತುವಿಗೆ ಒಂದು ಒಲವನ್ನು ಕೊಡುತ್ತಾನೆ, ಅದೇ ಅದನ್ನು ಮುಂದಕ್ಕೆ ಒಯ್ಯುತ್ತದೆ ಎಂದರು. ಇದಕ್ಕೆ ಅರಬಿಯಲ್ಲಿ 'ಮೈಲ್' ಎನ್ನುತ್ತಾರೆ. ಆದರೂ ಮೇಲಿನ ತುದಿಯಲ್ಲಿ ವಸ್ತು ತುಸು ವಿಶ್ರಮಿಸುತ್ತದೆ ಎಂಬ ಹಳೆಯ ಅಭಿಪ್ರಾಯವನ್ನು ಅವರು ಉಳಿಸಿಕೊಂಡರು.

ಅದನ್ನು ನಿರಾಕರಿಸಿದವರು 12ನೇ ಶತಮಾನದ ಅಬುಲ್ ಬರಕಾತ್ ಅಲ್ ಬಗ್ದಾದಿ. 'ಕಿತಾಬುಲ್ ಮುಅ್‌ತಬರ್' ಅವರ ಪ್ರಸಿದ್ಧ ಕೃತಿ. ಎಸೆದ ಕಲ್ಲಿನಲ್ಲಿ ಮೇಲಿನ ಒಲವು ಮತ್ತು ಭಾರದ ಕೆಳಗಿನ ಒಲವು ಎರಡೂ ಒಟ್ಟಿಗೇ ಇರುತ್ತವೆ, ಮೊದಲನೆಯದು ಕುಂದುತ್ತಾ ಬಂದಂತೆ ಎರಡನೆಯದು ಮೇಲುಗೈ ಪಡೆಯುತ್ತದೆ, ನಡುವೆ ವಿಶ್ರಾಂತಿಯ ಅವಧಿ ಇಲ್ಲ ಎಂಬುದು ಅವರ ನಿಲುವು. ಬೀಳುವ ವಸ್ತುವಿನ ವೇಗ ಯಾಕೆ ಹೆಚ್ಚುತ್ತಾ ಹೋಗುತ್ತದೆ ಎಂಬುದಕ್ಕೂ ಅವರು ಕಾರಣ ಕೊಟ್ಟರು. ಭಾರವು ಒಂದರ ಮೇಲೊಂದರಂತೆ ಹೊಸ ಹೊಸ ಒಲವನ್ನು ಸೇರಿಸುತ್ತಲೇ ಇರುತ್ತದೆ ಎಂದರು.

ನಮ್ಮ ಮನೆ ಖರ್ಚಿನ ಲೆಕ್ಕ ಹೇಳುವುದೂ ಇದನ್ನೇ ಅಲ್ಲವೇ? ಕೈ ಬರಿದಾದ ಗಳಿಗೆ ಒಂದಿದೆ. ಆದರೆ ಅದು ಬರೇ ಗಳಿಗೆ, ಅವಧಿಯಲ್ಲ. ಚೆಂಡು ತುದಿಯಲ್ಲಿ ತಂಗುವುದಿಲ್ಲ. ಅಲ್ಲಿ ನಿಧಾನವಾಗಿರುವುದರಿಂದ ನಮ್ಮ ಕಣ್ಣಿಗೆ ನಿಂತಂತೆ ಕಾಣುತ್ತದೆ ಅಷ್ಟೆ.

ಈ ಲೆಕ್ಕಕ್ಕೆ ಖಚಿತ ರೂಪ ಕೊಟ್ಟವರು ಇಟಲಿಯ ಗೆಲಿಲಿಯೋ. 1638ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಬೀಳುವ ವಸ್ತುವಿನ ನಿಯಮವನ್ನು ವಿವರಿಸಿದರು. ಮೊದಲ ಸೆಕೆಂಡಿನಲ್ಲಿ ವಸ್ತು ಎಷ್ಟು ದೂರ ಬೀಳುತ್ತದೆಯೋ ಎರಡನೇ ಸೆಕೆಂಡಿನಲ್ಲಿ ಅದರ ಮೂರು ಪಟ್ಟು, ಮೂರನೇ ಸೆಕೆಂಡಿನಲ್ಲಿ ಐದು ಪಟ್ಟು ಬೀಳುತ್ತದೆ. ನಮ್ಮ ಲೆಕ್ಕದಲ್ಲಿ 5, 15, 25 ಮೀಟರ್. ಜ್ಞಾನವೆಂಬುದು ಗ್ರೀಸ್, ಬಗ್ದಾದ್, ಇಟಲಿ ಎಂದು ಕೈಯಿಂದ ಕೈಗೆ ದಾಟಿ ಬಂದ ಆಸ್ತಿ. ಅದರಲ್ಲಿ ನಮ್ಮವರ ಪಾಲೂ ಇತ್ತು. ಅದನ್ನು ಹೇಳಿಕೊಂಡು ಹೆಮ್ಮೆಪಡುವುದಷ್ಟೇ ಸಾಲದು, ನಮ್ಮ ಮಕ್ಕಳೂ ಆ ಪ್ರಶ್ನೆಗಳನ್ನು ಕೇಳುವಂತಾಗಬೇಕು.

ಮಕ್ಕಳೊಂದಿಗೆ ಮಾಡಿ ನೋಡಿ

ಇದಕ್ಕೆ ಪ್ರಯೋಗಾಲಯ ಬೇಡ. ಒಂದು ಟೆನಿಸ್ ಚೆಂಡು ಮತ್ತು ಮೊಬೈಲಿನಲ್ಲಿರುವ ಸ್ಟಾಪ್‌ವಾಚ್ ಸಾಕು. ತೆರೆದ ಜಾಗದಲ್ಲಿ ಒಬ್ಬರು ಚೆಂಡನ್ನು ನೇರ ಮೇಲಕ್ಕೆ ಎಸೆದು ಅದೇ ಮಟ್ಟದಲ್ಲಿ ಹಿಡಿಯಲಿ. ಇನ್ನೊಬ್ಬರು ಕೈಬಿಟ್ಟ ಕ್ಷಣದಿಂದ ಹಿಡಿದ ಕ್ಷಣದವರೆಗೆ ಎಷ್ಟು ಸೆಕೆಂಡ್ ಆಯಿತೆಂದು ನೋಡಲಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 5ರಿಂದ ಗುಣಿಸಿ, 4ರಿಂದ ಭಾಗಿಸಿ. ಚೆಂಡು ಕೈಯಿಂದ ಎಷ್ಟು ಮೀಟರ್ ಮೇಲೆ ಹೋಗಿತ್ತೆಂದು ತಿಳಿಯುತ್ತದೆ. 2 ಸೆಕೆಂಡ್ ಆಗಿದ್ದರೆ 5 ಮೀಟರ್. 3 ಸೆಕೆಂಡ್ ಆಗಿದ್ದರೆ 11 ಮೀಟರಿಗಿಂತ ತುಸು ಹೆಚ್ಚು. 4 ಸೆಕೆಂಡ್ ಆಗಿದ್ದರೆ 20 ಮೀಟರ್.

ಇಲ್ಲೊಂದು ವಿಶೇಷವನ್ನು ಮಕ್ಕಳಿಗೆ ತೋರಿಸಿಕೊಡಿ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎಸೆದ ಚೆಂಡು 5 ಮೀಟರ್ ಏರುತ್ತದೆ. ವೇಗವನ್ನು ಇಮ್ಮಡಿ ಮಾಡಿದರೆ ಎತ್ತರ ಇಮ್ಮಡಿಯಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಅದೇ ಚೆಂಡನ್ನು ಚಂದ್ರನ ಮೇಲೆ ನಿಂತು ಎಸೆದರೆ 5 ಮೀಟರ್ ಬದಲು ಸುಮಾರು 30 ಮೀಟರ್ ಏರುತ್ತದೆ. ಯಾಕೆಂದರೆ ಅಲ್ಲಿನ ಎಳೆತ ನಮ್ಮಲ್ಲಿಯ ಆರನೇ ಒಂದು ಭಾಗ ಮಾತ್ರ.

ಮಕ್ಕಳು ಲೆಕ್ಕ ಮಾಡುತ್ತಾ ಇನ್ನೊಂದು ಸಂಗತಿಯನ್ನೂ ಗಮನಿಸಲಿ. ಚೆಂಡು ಎಷ್ಟು ವೇಗದಲ್ಲಿ ಹೋಯಿತೋ ಅಷ್ಟೇ ವೇಗದಲ್ಲಿ ಮರಳಿ ಬರುತ್ತದೆ. 20 ಮೀಟರ್ ಎತ್ತರದಿಂದ ಬೀಳುವ ತೆಂಗಿನಕಾಯಿ ನೆಲ ಮುಟ್ಟುವಾಗ ಗಂಟೆಗೆ 70 ಕಿಲೋಮೀಟರಿನಷ್ಟು ವೇಗ ಪಡೆದಿರುತ್ತದೆ. 10 ಮೀಟರ್ ಎತ್ತರದ ಟೆರೇಸಿನಿಂದ ಕೈತಪ್ಪಿ ಬಿದ್ದ ಕಲ್ಲಿನ ತುಂಡು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕೆಳಗಿದ್ದವರ ತಲೆಗೆ ಬಡಿಯುತ್ತದೆ.

ಗಾಳಿಯೆಂಬ ಕರುಣೆ

ಈ ಲೆಕ್ಕದಲ್ಲಿ ನಾವು ಒಂದನ್ನು ಮರೆತಿದ್ದೇವೆ, ಗಾಳಿ. ಅಂಗಳದ ಚೆಂಡಿಗೆ ಅದು ಅಷ್ಟೇನೂ ಮುಖ್ಯವಲ್ಲ. ಆದರೆ ಎತ್ತರ ಮತ್ತು ವೇಗ ಹೆಚ್ಚಾದಂತೆ ಗಾಳಿಯ ತಡೆ ಬಹಳ ದೊಡ್ಡದಾಗುತ್ತದೆ.

ಎರಡು ಕಿಲೋಮೀಟರ್ ಮೇಲಿನ ಮೋಡದಿಂದ ಬೀಳುವ ಮಳೆ ಹನಿಯನ್ನು ನೋಡಿ. ಗಾಳಿ ಇಲ್ಲದಿದ್ದರೆ ಅದು ಗಂಟೆಗೆ 700 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ನಮಗೆ ಬಡಿಯುತ್ತಿತ್ತು. ಹೊಲದ ಪೈರು, ಗಿಡದ ಹೂವು, ಮನೆಯ ಹೆಂಚು ಯಾವುದೂ ಉಳಿಯುತ್ತಿರಲಿಲ್ಲ. ಆದರೆ ಹನಿಯ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಒಂದು ಹಂತದಲ್ಲಿ ಎಳೆತ ಮತ್ತು ತಡೆ ಸಮನಾಗುತ್ತವೆ. ಅಲ್ಲಿಂದ ಮುಂದೆ ವೇಗ ಹೆಚ್ಚುವುದಿಲ್ಲ. ದೊಡ್ಡ ಮಳೆ ಹನಿಯೂ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಷ್ಟೇ ನೆಲ ಮುಟ್ಟುತ್ತದೆ. ನಮ್ಮ ಕರಾವಳಿಯಲ್ಲಿ ಆಷಾಢದ ಮಳೆ ಎಷ್ಟು ಜೋರಾಗಿ ಸುರಿದರೂ ಮಗುವೊಂದು ಅಂಗೈ ಚಾಚಿ ಅದರೊಂದಿಗೆ ಆಡಬಹುದು. ಕುರ್‌ಆನ್ ಮಳೆಯನ್ನು ಪ್ರಸ್ತಾಪಿಸುವಾಗ ಅದನ್ನು ನಿಶ್ಚಿತ ಪ್ರಮಾಣದಲ್ಲಿ ಇಳಿಸಲಾದ ಅನುಗ್ರಹವೆಂದು ನೆನಪಿಸುತ್ತದೆ. ಕೊಡೆ ಹಿಡಿದು ನಡೆಯುವಾಗಲೊಮ್ಮೆ ಈ ಕರುಣೆಯನ್ನು ನಾವು ನೆನೆಯಬೇಕು.

ಫಿರಂಗಿ ಗುಂಡು ಎಲ್ಲಿ ಹೋಯಿತು?

17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಮೆರ್ಸೆನ್ ಎಂಬ ಕ್ರೈಸ್ತ ಸನ್ಯಾಸಿಗೆ ಒಂದು ಕುತೂಹಲ ಹುಟ್ಟಿತು. ಫಿರಂಗಿಯನ್ನು ನೇರ ಆಕಾಶಕ್ಕೆ ಮುಖ ಮಾಡಿ ಹಾರಿಸಿದರೆ ಗುಂಡು ಮರಳಿ ಬರುತ್ತದೆಯೇ? ಅವರೂ ಪೆಟಿಟ್ ಎಂಬ ಗೆಳೆಯರೂ ಸೇರಿ ಹಾರಿಸಿಯೇ ಬಿಟ್ಟರು. ಗುಂಡು ಮರಳಿ ಬಿದ್ದದ್ದು ಯಾರಿಗೂ ಕಾಣಲಿಲ್ಲ. ಅದು ಮೇಲೆಯೇ ಉಳಿದುಬಿಟ್ಟಿತೇ ಎಂದು ಅಂದಿನ ವಿದ್ವಾಂಸರು ಚರ್ಚಿಸಿದರು. 1690ರಲ್ಲಿ ವಾರಿನ್ಯೊಂ ಎಂಬ ಗಣಿತಜ್ಞರು ಗುರುತ್ವದ ಬಗ್ಗೆ ಬರೆದ ಪುಸ್ತಕದ ಆರಂಭದಲ್ಲಿ ಇದರದ್ದೇ ಚಿತ್ರವಿದೆ. ನೆಟ್ಟಗೆ ನಿಲ್ಲಿಸಿದ ಫಿರಂಗಿಯ ಪಕ್ಕದಲ್ಲಿ ಇಬ್ಬರು ಆಕಾಶ ನೋಡುತ್ತಾ ನಿಂತಿದ್ದಾರೆ.

ಗುಂಡು ಖಂಡಿತವಾಗಿ ಬಿದ್ದಿತ್ತು. ಆದರೆ ಅವರ ಬಳಿ ಬೀಳಲಿಲ್ಲ, ಅಷ್ಟೆ. ಮುಖ ಕೂದಲೆಳೆಯಷ್ಟು ವಾಲಿದರೂ, ಮೇಲಿನ ಗಾಳಿ ಸ್ವಲ್ಪ ತಳ್ಳಿದರೂ ಅದು ಬೀಳುವುದು ಎಷ್ಟೋ ದೂರದಲ್ಲಿ. ಭೂಮಿಯಿಂದ ಹೊರಟು ಮರಳಿ ಬಾರದಿರಬೇಕಾದರೆ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ, ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಯಾವ ಫಿರಂಗಿಗೂ ಬಂದೂಕಿಗೂ ಆ ಶಕ್ತಿಯಿಲ್ಲ.

ಮೊದಲನೇ ಮಹಾಯುದ್ಧದ ಬಳಿಕ ಅಮೆರಿಕಾದ ಸೇನಾಧಿಕಾರಿ ಹ್ಯಾಚರ್ ಎಂಬವರು ಫ್ಲೋರಿಡಾದಲ್ಲಿ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ನೀರಿನ ನಡುವೆ ಹತ್ತು ಅಡಿ ಚೌಕದ ಒಂದು ವೇದಿಕೆ ಕಟ್ಟಿ, ತಲೆಯ ಮೇಲೆ ಉಕ್ಕಿನ ರಕ್ಷಣೆ ಇಟ್ಟುಕೊಂಡು, ಅಲ್ಲಿಂದ ಮೆಷಿನ್ ಗನ್ನಿನಿಂದ ನೇರ ಮೇಲಕ್ಕೆ ಗುಂಡು ಹಾರಿಸಲಾಯಿತು. ಐನೂರಕ್ಕೂ ಹೆಚ್ಚು ಗುಂಡುಗಳಲ್ಲಿ ವೇದಿಕೆಯ ಮೇಲೆ ಮರಳಿ ಬಿದ್ದವು ನಾಲ್ಕೇ ನಾಲ್ಕು. ಎಷ್ಟು ಜಾಗ್ರತೆಯಿಂದ ಗುರಿಯಿಟ್ಟರೂ ಉಳಿದವು ಸುತ್ತಲಿನ ನೀರಿನಲ್ಲಿ ಎಲ್ಲೆಲ್ಲೋ ಬಿದ್ದವು.

ಅವರ ಲೆಕ್ಕದಲ್ಲಿ ಗುಂಡು ಸೆಕೆಂಡಿಗೆ 2700 ಅಡಿ ವೇಗದಲ್ಲಿ ಹೊರಟು ಸುಮಾರು 9000 ಅಡಿ, ಅಂದರೆ ಎರಡು ಮುಕ್ಕಾಲು ಕಿಲೋಮೀಟರ್ ಎತ್ತರಕ್ಕೆ ಏರುತ್ತಿತ್ತು. ಗಾಳಿ ಇಲ್ಲದಿದ್ದರೆ ಅದು 34 ಕಿಲೋಮೀಟರ್ ಏರಬೇಕಿತ್ತು. ಮೇಲೆ ಹೋಗಲು 18 ಸೆಕೆಂಡ್, ಕೆಳಗೆ ಬರಲು 31 ಸೆಕೆಂಡ್. ಅಂಗಳದ ಚೆಂಡಿನಂತೆ ಹೋದ ಸಮಯ ಮತ್ತು ಬಂದ ಸಮಯ ಇಲ್ಲಿ ಸಮವಲ್ಲ. ಗಾಳಿಯ ತಡೆಯಿಂದಾಗಿ ಗುಂಡು ನಿಧಾನವಾಗಿ ಇಳಿಯುತ್ತದೆ. ನೀರು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 300 ಅಡಿ, ಅಂದರೆ ಹೊರಟ ವೇಗದ ಒಂಬತ್ತನೇ ಒಂದು ಭಾಗ.

'ಒಂಬತ್ತನೇ ಒಂದು ಭಾಗ' ಎಂದು ಕೇಳಿ ಸಮಾಧಾನಪಡಬೇಡಿ. ಅದು ಗಂಟೆಗೆ 330 ಕಿಲೋಮೀಟರ್. ಚರ್ಮವನ್ನು ಸೀಳಲು ಅಷ್ಟು ಬೇಕಾಗಿಲ್ಲ. ಮಗುವಿನ ತಲೆಗೆ ಬಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದೂ ನೇರ ಮೇಲಕ್ಕೆ ಹಾರಿಸಿದರೆ ಮಾತ್ರ ಇಷ್ಟು ಕಡಿಮೆ. ಕುಣಿಯುತ್ತಾ ಕೂಗುತ್ತಾ ಹಾರಿಸುವವನ ಕೈ ನೇರ ಇರುವುದಿಲ್ಲ. ಓರೆಯಾಗಿ ಹೋದ ಗುಂಡು ತನ್ನ ಮೂತಿಯನ್ನು ಮುಂದೆ ಮಾಡಿಕೊಂಡೇ ಸಾಗುತ್ತದೆ, ತನ್ನ ವೇಗವನ್ನು ಹೆಚ್ಚು ಉಳಿಸಿಕೊಳ್ಳುತ್ತದೆ. ಅದು ಇನ್ನಷ್ಟು ಅಪಾಯಕಾರಿ.

ಸಂತೋಷದ ಗುಂಡು, ಅಪರಿಚಿತರ ಮನೆಯ ಶೋಕ

ಈಗ ಆ ಜೀವ ಮತ್ತು ಮರಣದ ವಿಷಯಕ್ಕೆ ಬರೋಣ. ಜಗತ್ತಿನ ಹಲವು ಕಡೆಗಳಲ್ಲಿ ಮದುವೆ, ಗೆಲುವು, ಹೊಸ ವರ್ಷ ಮುಂತಾದ ಸಂದರ್ಭಗಳಲ್ಲಿ ಆಕಾಶಕ್ಕೆ ಗುಂಡು ಹಾರಿಸುವ ಕೆಟ್ಟ ಅಭ್ಯಾಸವಿದೆ. ಅರಬ್ ನಾಡುಗಳಲ್ಲಿದೆ, ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನದಲ್ಲಿದೆ, ಅಮೆರಿಕಾದ ನಗರಗಳಲ್ಲಿದೆ, ನಮ್ಮದೇ ದೇಶದ ಉತ್ತರ ಭಾಗದ ಮದುವೆ ಮೆರವಣಿಗೆಗಳಲ್ಲಿಯೂ ಇದೆ.

2003ರ ಜುಲೈಯಲ್ಲಿ ಸದ್ದಾಮ್ ಹುಸೇನರ ಇಬ್ಬರು ಪುತ್ರರು ಹತರಾದ ಸುದ್ದಿ ಬಂದಾಗ ಬಗ್ದಾದಿನಲ್ಲಿ ಜನರು ಆಕಾಶಕ್ಕೆ ಗುಂಡು ಹಾರಿಸಿದರು. ಮರಳಿ ಬಂದ ಗುಂಡುಗಳಿಂದ ಹಲವರು ಪ್ರಾಣ ಕಳೆದುಕೊಂಡರು. ಎಸೆದ ಕಲ್ಲು ಹೇಗೆ ಮರಳುತ್ತದೆಂದು ಅಬುಲ್ ಬರಕಾತ್ ಯೋಚಿಸಿದ್ದ ಅದೇ ನಗರ! 2007ರಲ್ಲಿ ಇರಾಕಿನ ಫುಟ್‌ಬಾಲ್ ತಂಡ ಏಷ್ಯನ್ ಕಪ್ ಗೆದ್ದಾಗಲೂ ಸಂಭ್ರಮದ ಗುಂಡುಗಳು ಜೀವ ತೆಗೆದವು. ಅಮೆರಿಕಾದ ಲಾಸ್ ಏಂಜಲೀಸಿನ ಒಂದು ಆಸ್ಪತ್ರೆಯ ವೈದ್ಯರು 1985ರಿಂದ 1992ರ ವರೆಗಿನ ತಮ್ಮ ದಾಖಲೆಗಳನ್ನು ಪರಿಶೀಲಿಸಿದಾಗ, ಮೇಲಿನಿಂದ ಬಿದ್ದ ಗುಂಡುಗಳಿಂದ ಗಾಯಗೊಂಡ 118 ಮಂದಿ ಸಿಕ್ಕಿದರು. ಅವರಲ್ಲಿ 38 ಮಂದಿ ಬದುಕುಳಿಯಲಿಲ್ಲ. ಹೆಚ್ಚಿನವರಿಗೆ ಗುಂಡು ಬಿದ್ದದ್ದು ತಲೆಗೆ. 1999ರಲ್ಲಿ ಅಮೆರಿಕಾದ ಫೀನಿಕ್ಸ್ ನಗರದಲ್ಲಿ 14ರ ಹರೆಯದ ಹುಡುಗಿಯೊಬ್ಬಳು ತನ್ನದೇ ಮನೆಯ ಹಿತ್ತಿಲಲ್ಲಿ ಹೀಗೆ ಬಿದ್ದ ಗುಂಡಿಗೆ ಬಲಿಯಾದಳು. ಮಗಳನ್ನು ಕಳೆದುಕೊಂಡ ಹೆತ್ತವರ ಹೋರಾಟದಿಂದಾಗಿ 2000ದಲ್ಲಿ ಅಲ್ಲಿ ಇದರ ವಿರುದ್ಧ ಕಠಿಣ ಕಾನೂನು ಬಂತು.

ನಮ್ಮ ದೇಶದಲ್ಲಿಯೂ 2019ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದು, ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕಾಗಿ ಗುಂಡು ಹಾರಿಸುವುದನ್ನು ಅಪರಾಧವೆಂದು ಸ್ಪಷ್ಟವಾಗಿ ಹೇಳಲಾಯಿತು. ಎರಡು ವರ್ಷಗಳ ವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಯ ವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಲೈಸನ್ಸ್ ಇದೆಯೆಂಬುದು ಇದಕ್ಕೆ ರಕ್ಷಣೆಯಲ್ಲ.

ಇದರಲ್ಲಿ ಅತ್ಯಂತ ದುಃಖದ ಸಂಗತಿ ಏನೆಂದರೆ, ಹಾರಿಸಿದವನಿಗೆ ತಾನು ಕೊಂದೆನೆಂಬುದು ತಿಳಿಯುವುದೇ ಇಲ್ಲ. ಅವನು ಮದುವೆಯ ಊಟ ಮುಗಿಸಿ ಮನೆಗೆ ಹೋಗಿ ನಿದ್ರಿಸುತ್ತಾನೆ. ಎಲ್ಲೋ ದೂರದಲ್ಲಿ, ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಿದ್ದ ಒಬ್ಬ ತಾಯಿ ಕುಸಿದು ಬಿದ್ದಿರುತ್ತಾಳೆ. ಆಕಾಶ ಖಾಲಿ ಇದೆ, ಅಲ್ಲಿಗೆ ಹಾರಿಸಿದರೆ ಯಾರಿಗೇನು ತೊಂದರೆ ಎಂಬುದು ಅವನ ಯೋಚನೆ. ಆಕಾಶ ಖಾಲಿ ಇರಬಹುದು. ಆದರೆ ಆಕಾಶ ಏನನ್ನೂ ಇಟ್ಟುಕೊಳ್ಳುವುದಿಲ್ಲವಲ್ಲ!

ತುಂಬಾದ ಪಾಠ

ಮೇಲಕ್ಕೆ ಹಾರಿಸಲೇಬೇಕಾದವರು ಹೇಗೆ ಹಾರಿಸುತ್ತಾರೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. 1963ರ ನವೆಂಬರ್ 21ರಂದು ಕೇರಳದ ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಭಾರತದ ನೆಲದ ಮೊದಲ ರಾಕೆಟ್ ಮೇಲೇರಿತು. ಅಮೆರಿಕಾದಿಂದ ತಂದ ನೈಕ್ ಅಪಾಚೆ ಎಂಬ ರಾಕೆಟ್ ಅದು. ಹಳ್ಳಿಯ ಇಗರ್ಜಿಯ ಕಟ್ಟಡವೇ ಅಂದಿನ ವಿಜ್ಞಾನಿಗಳ ಕಚೇರಿಯಾಗಿತ್ತು. ಆ ತಂಡದಲ್ಲಿ ರಾಕೆಟ್‌ನ ಜೋಡಣೆ ಮತ್ತು ಸುರಕ್ಷತೆಯ ಹೊಣೆ ಹೊತ್ತಿದ್ದ ಯುವಕ ರಾಮೇಶ್ವರದ ಎ.ಪಿ.ಜೆ. ಅಬ್ದುಲ್ ಕಲಾಂ. ಮುಂದೆ 2002ರಿಂದ 2007ರ ವರೆಗೆ ನಮ್ಮ ರಾಷ್ಟ್ರಪತಿಯಾಗಿದ್ದವರು.

ಇಂತಹ ರಾಕೆಟ್‌ಗಳು ಹೆಚ್ಚು ಕಡಿಮೆ ನೇರ ಮೇಲಕ್ಕೆ ಹೋಗಿ, ಮೇಲಿನ ವಾತಾವರಣವನ್ನು ಅಳೆದು, ಮರಳಿ ಬೀಳುತ್ತವೆ. ನಮ್ಮ ಅಂಗಳದ ಚೆಂಡಿನಂತೆಯೇ. ಅವು ಮರಳಿ ಬೀಳುತ್ತವೆಂದು ಮೊದಲೇ ಗೊತ್ತು. ಆದ್ದರಿಂದಲೇ ಅವುಗಳನ್ನು ಕಡಲ ಕಿನಾರೆಯಿಂದ, ಕಡಲಿನ ಕಡೆಗೆ ತುಸು ವಾಲಿಸಿ ಹಾರಿಸುತ್ತಾರೆ. ಇಂದಿಗೂ ಶ್ರೀಹರಿಕೋಟಾದಿಂದ ರಾಕೆಟ್ ಹಾರಿಸುವ ಮುನ್ನ ಅದರ ಭಾಗಗಳು ಬೀಳಬಹುದಾದ ಸಮುದ್ರ ಪ್ರದೇಶದ ಬಗ್ಗೆ ಹಡಗುಗಳಿಗೂ ಮೀನುಗಾರರಿಗೂ ಎಚ್ಚರಿಕೆ ಕೊಡಲಾಗುತ್ತದೆ. ಏನು ಮೇಲೆ ಹೋಗುತ್ತದೆ ಎಂಬುದಕ್ಕಿಂತ ಮೊದಲು ಅದು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುವುದು ವಿಜ್ಞಾನಿಯ ರೀತಿ. ಅದೇ ವಿವೇಕಿಯ ರೀತಿಯೂ ಹೌದು.

ಒಂದು ಬೆಣಚುಕಲ್ಲಿನ ಎಚ್ಚರಿಕೆ

ಪ್ರವಾದಿ(ಸ) ಕಲಿಸಿದ ಒಂದು ಶಿಷ್ಟಾಚಾರ ಇಲ್ಲಿ ನೆನಪಾಗುತ್ತದೆ. ಬೆರಳುಗಳ ನಡುವೆ ಸಣ್ಣ ಬೆಣಚುಕಲ್ಲನ್ನಿಟ್ಟು ಚಿಮ್ಮಿಸುವುದನ್ನು ಅವರು(ಸ) ವಿರೋಧಿಸಿದ್ದರು. ಅದರಿಂದ ಬೇಟೆಯೂ ಸಿಗುವುದಿಲ್ಲ, ಶತ್ರುವೂ ಸೋಲುವುದಿಲ್ಲ, ಆದರೆ ಯಾರದ್ದಾದರೂ ಕಣ್ಣು ಹೋದೀತು, ಹಲ್ಲು ಮುರಿದೀತು ಎಂಬುದು ಅದಕ್ಕೆ ಕಾರಣ. ಮಸೀದಿ ಅಥವಾ ಮಾರುಕಟ್ಟೆಯಲ್ಲಿ ಬಾಣಗಳನ್ನು ಹಿಡಿದು ಹೋಗುವವನು ಯಾರಿಗೂ ತಾಗದಂತೆ ಅವುಗಳ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕೆಂದೂ ಅವರು(ಸ) ಕಲಿಸಿದ್ದಾರೆ. ಈ ಎರಡು ಹದೀಸ್‌ಗಳೂ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿವೆ. ಒಂದು ಬೆಣಚುಕಲ್ಲಿನ ಬಗ್ಗೆ ಇಷ್ಟು ಎಚ್ಚರಿಕೆ ಇದ್ದರೆ, ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಹಾರಿಸುವ ಗುಂಡಿನ ಬಗ್ಗೆ ಏನು ಹೇಳೋಣ?

ನಮ್ಮ ಕಡೆಯ ಮದುವೆಗಳಲ್ಲಿ ಬಂದೂಕು ಇಲ್ಲದಿರಬಹುದು. ಆದರೆ ಸಾವಿರಾರು ರೂಪಾಯಿ ಸುರಿದು ರಾಕೆಟ್ ಪಟಾಕಿ ಹಾರಿಸುವುದು ಕೆಲವು ಕಡೆ ಶುರುವಾಗಿದೆ. ಅದರ ಕಡ್ಡಿಯೂ ಕೆಂಡವೂ ಯಾರದ್ದೋ ಮಾಡಿನ ಮೇಲೆ, ಯಾರದ್ದೋ ಹುಲ್ಲಿನ ರಾಶಿಯ ಮೇಲೆ ಬೀಳುತ್ತವೆ. ದುಂದುವೆಚ್ಚದ ಪಾಪದೊಂದಿಗೆ ನೆರೆಮನೆಯವರಿಗೆ ತೊಂದರೆ ಕೊಟ್ಟ ಪಾಪವೂ ಸೇರುತ್ತದೆ. ಮನೆಯ ಹಿರಿಯ ಹೆಂಗಸರು ಗಟ್ಟಿಯಾಗಿ ಬೇಡವೆಂದರೆ ಇದು ಖಂಡಿತ ನಿಲ್ಲುತ್ತದೆ.

ಮಾವಿನ ಮರಕ್ಕೆ ಕಲ್ಲೆಸೆಯುವ ಮಕ್ಕಳಿಗೆ, ಕಲ್ಲು ಮರದ ಆಚೆ ಬದಿಯಲ್ಲಿ ಎಲ್ಲಿ ಬೀಳುತ್ತದೆಂದು ಮೊದಲು ಯೋಚಿಸಲು ಕಲಿಸಿ. ತೆಂಗಿನಕಾಯಿ ಕೀಳುವ ದಿನ ಮಕ್ಕಳನ್ನು ಮರದ ಬುಡಕ್ಕೆ ಬಿಡಬೇಡಿ. ಟೆರೇಸಿನ ಅಂಚಿನಲ್ಲಿ ಹೂಕುಂಡ, ಇಟ್ಟಿಗೆಯ ತುಂಡು ಇದ್ದರೆ ಇಂದೇ ಒಳಗೆ ಸರಿಸಿ. ದಾರಿಯಲ್ಲಿರುವ ತೊಂದರೆಯನ್ನು ಸರಿಸುವುದು ಈಮಾನಿನ ಭಾಗವೆಂದು ನಾವು ಕಲಿತಿದ್ದೇವೆ. ಜನರ ತಲೆಯ ಮೇಲಿರುವ ತೊಂದರೆಯನ್ನು ಸರಿಸುವುದೂ ಅದರಲ್ಲಿ ಸೇರಿದೆ.

ಇಷ್ಟೆಲ್ಲ ಕೇಳಿದ ಮಗಳು ತನ್ನ ಉತ್ತರ ಪತ್ರಿಕೆಯನ್ನು ತೆಗೆದು, ಕೆಂಪು ಗೆರೆಯ ಪಕ್ಕದಲ್ಲಿ ಪೆನ್ಸಿಲಿನಿಂದ "9.8, ಕೆಳಮುಖವಾಗಿ" ಎಂದು ಬರೆದಳು. ಆಮೇಲೆ ಅಂಗಳಕ್ಕೆ ಹೋಗಿ ತಮ್ಮನಿಗೆ, "ಎಸೆಯುವ ಮೊದಲು ಮೇಲೆ ಮಾತ್ರ ನೋಡಬೇಡ, ಸುತ್ತಲೂ ನೋಡು" ಎಂದಳು. ಹೋದ ಒಂದು ಅಂಕ ಮರಳಿ ಬರಲಿಲ್ಲ. ಆದರೆ ಪಾಠ ಮನೆಗೆ ಬಂದಿತ್ತು.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿಯಾದ ಜ್ಞಾನವನ್ನು ಕರುಣಿಸಲಿ. ನಮ್ಮ ಕೈಯಿಂದಲೂ ನಾಲಿಗೆಯಿಂದಲೂ ಯಾರಿಗೂ ನೋವಾಗದಂತೆ ಕಾಪಾಡಲಿ. ಆಮೀನ್.